ಮುಂದಿನ ಸುತ್ತಿಗೆ ಯಾರು? ಸಣ್ಣ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಕುರಿತು ಒಂದು ಅಧ್ಯಯನ

ನಮ್ಮ ಶಾಲೆಯಲ್ಲಿ ಕಲಿತು ಗೋವೆಯ ಬೇರೆ ಬೇರೆ ಕಾಲೇಜುಗಳನ್ನು ಸೇರಿದ ಹುಡುಗರಲ್ಲಿ ಬಹುಮಂದಿ ಬ್ಯಾಸ್ಕೆಟ್‌ಬಾಲ್ ಚೆಂಡನ್ನು ಮೊದಲು ಕೈಯಲ್ಲಿ ಹಿಡಿದದ್ದು ಆ ಕಾಲೇಜುಗಳಲ್ಲಿಯೇ. ಶಾಲೆಯ ಅಂಗಳದಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್ ಇದ್ದವು. ಅಂಗಳದ ಆಚೆಗೆ ಕಾಲಿಟ್ಟರೆ ಫುಟ್‌ಬಾಲ್ ಇತ್ತು. 28 ಮೀಟರ್ ಉದ್ದ, 15 ಮೀಟರ್ ಅಗಲದ ಸಿಮೆಂಟಿನ ಅಂಕಣವೂ ನೆಲದಿಂದ 3.05 ಮೀಟರ್ ಎತ್ತರದ ಬಳೆಯೂ ನಮಗೆ ದೂರದ ವಸ್ತುಗಳಾಗಿದ್ದವು. ಹೀಗೆ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಆಟಕ್ಕೆ ಬಂದವನು ಪದವಿ ಮುಗಿಸುವ ಮೂರು ವರ್ಷಗಳಲ್ಲಿ ಎಷ್ಟು ಪಂದ್ಯಗಳನ್ನು ಆಡುತ್ತಾನೆ? ದೈಹಿಕ ಶಿಕ್ಷಣದ ಅಧ್ಯಾಪಕನಾಗಿ ಅನೇಕ ವರ್ಷ ಅಂಕಣದ ಬದಿಯಲ್ಲಿ ನಿಂತ ನನ್ನನ್ನು ಈ ಪ್ರಶ್ನೆ ಕಾಡುತ್ತಲೇ ಬಂದಿದೆ. ಉತ್ತರವು ಆಟಗಾರನ ಕೌಶಲಕ್ಕಿಂತ ಹೆಚ್ಚಾಗಿ ಒಂದು ಕಾಗದದ ಹಾಳೆಯನ್ನು ಅವಲಂಬಿಸಿದೆ. ಪಂದ್ಯಾವಳಿಗೆ ಮುನ್ನ ಚೀಟಿ ಎತ್ತಿ ಬರೆಯುವ ಡ್ರಾ ಹಾಳೆಯೇ ಅದು.

ಮೊದಲು ನಮ್ಮ ದೇಶದ ಏಣಿಯನ್ನು ತಿಳಿಯೋಣ. ಕೆಳಗಿನ ಮೆಟ್ಟಿಲು ಅಂತರ ಕಾಲೇಜು ಪಂದ್ಯಾವಳಿ. ಅಲ್ಲಿ ಆಡಿದವರಿಂದ ಆರಿಸಿದ ಹನ್ನೆರಡು ಮಂದಿ ವಿಶ್ವವಿದ್ಯಾನಿಲಯದ ತಂಡವಾಗುತ್ತಾರೆ. ಆ ತಂಡವು ತನ್ನ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ಹೋಗುತ್ತದೆ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ನಾಲ್ಕು ವಲಯಗಳಲ್ಲಿ ಪ್ರತಿಯೊಂದರಿಂದಲೂ ಮೊದಲ ನಾಲ್ಕು ತಂಡಗಳು, ಒಟ್ಟು ಹದಿನಾರು, ಅಖಿಲ ಭಾರತ ಅಂತರವಲಯ ಪಂದ್ಯಾವಳಿಗೆ ಅರ್ಹತೆ ಪಡೆಯುತ್ತವೆ. ಇದನ್ನೆಲ್ಲ ನಡೆಸುವುದು 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿಯಾಗಿ ಹುಟ್ಟಿದ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ. 2020ರಲ್ಲಿ ಭುವನೇಶ್ವರದಲ್ಲಿ ಮೊದಲ ಬಾರಿಗೆ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟವು ಈ ಏಣಿಗೆ ಇನ್ನೊಂದು ಮೆಟ್ಟಿಲನ್ನು ಕೂಡಿಸಿತು. ಅಲ್ಲಿಗೆ ಅಖಿಲ ಭಾರತ ಮಟ್ಟದ ಮೊದಲ ಎಂಟು ತಂಡಗಳಿಗೆ ಮಾತ್ರ ಪ್ರವೇಶ. ಎರಡನೆಯ ಕೂಟ 2022ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು.

ಗೋವೆಯ ಕನ್ನಡಿಗರಿಗೆ ಇಲ್ಲೊಂದು ಸ್ವಾರಸ್ಯವಿದೆ. ಗೋವೆ ಪಶ್ಚಿಮ ವಲಯಕ್ಕೆ ಸೇರಿದರೆ ಕರ್ನಾಟಕವು ದಕ್ಷಿಣ ವಲಯಕ್ಕೆ ಸೇರಿದೆ. ಅಣ್ಣನ ಮಗ ಮಡಗಾಂವಿನ ಕಾಲೇಜಿನಲ್ಲಿದ್ದು ತಮ್ಮನ ಮಗ ಧಾರವಾಡದಲ್ಲಿದ್ದರೆ, ನಡುವೆ ಒಂದೇ ಘಟ್ಟವಿದ್ದರೂ, ಅವರಿಬ್ಬರ ವಿಶ್ವವಿದ್ಯಾನಿಲಯಗಳು ಈ ಏಣಿಯಲ್ಲಿ ಎದುರಾಗಬೇಕಾದರೆ ಇಬ್ಬರೂ ತಂತಮ್ಮ ವಲಯದ ಮೊದಲ ನಾಲ್ಕರೊಳಗೆ ಬರಬೇಕು. ಈ ಕಡೆಯವನು ಮುಂಬಯಿ, ಪುಣೆಗಳಂಥ, ನೂರಾರು ಕಾಲೇಜುಗಳಿಂದ ಆಟಗಾರರನ್ನು ಆಯ್ದು ತರುವ ವಿಶ್ವವಿದ್ಯಾನಿಲಯಗಳನ್ನು ದಾಟಬೇಕು; ಆ ಕಡೆಯವನು ಚೆನ್ನೈ, ಬೆಂಗಳೂರುಗಳ ನುರಿತ ತಂಡಗಳನ್ನು ದಾಟಬೇಕು.

ಹಿಂದಿನ ಸ್ಥಿತಿ ಇನ್ನೂ ಕಠಿಣವಾಗಿತ್ತು. ವಿಮೋಚನೆಯ ಮರುವರ್ಷ, 1962ರಲ್ಲಿ, ಪಣಜಿಯ ಧೆಂಪೆ ಕಾಲೇಜು, ಮಡಗಾಂವಿನ ಚೌಗುಲೆ ಕಾಲೇಜುಗಳು ಆರಂಭವಾದವು. ಆಗ ಗೋವೆಯ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಆದುದರಿಂದ ಗೋವೆಯ ಹುಡುಗನು ವಿಶ್ವವಿದ್ಯಾನಿಲಯದ ಅಂಗಿ ತೊಡಬೇಕಾದರೆ ಮುಂಬಯಿಯ ದೊಡ್ಡ ಕಾಲೇಜುಗಳ ಆಟಗಾರರೊಡನೆ ಅವೇ ಹನ್ನೆರಡು ಸ್ಥಾನಗಳಿಗೆ ಸ್ಪರ್ಧಿಸಬೇಕಾಗಿತ್ತು. 1985ರಲ್ಲಿ ಗೋವಾ ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಮೇಲೆ ಆ ಹನ್ನೆರಡು ಸ್ಥಾನಗಳು ನಮ್ಮವೇ ಆದವು. ಪದವಿ, ಸಂಶೋಧನೆಗಳ ದೃಷ್ಟಿಯಿಂದ ಈ ಸ್ಥಾಪನೆಯ ಮಹತ್ವವನ್ನು ಬಹಳಷ್ಟು ಜನ ಬರೆದಿದ್ದಾರೆ. ಆಟಗಾರನ ದೃಷ್ಟಿಯಿಂದ ಬರೆದದ್ದನ್ನು ನಾನು ಕಂಡಿಲ್ಲ.

ಈಗ ಡ್ರಾ ಹಾಳೆಗೆ ಬರೋಣ. ಲೆಕ್ಕದ ಅನುಕೂಲಕ್ಕಾಗಿ ಹದಿಮೂರು ಕಾಲೇಜುಗಳು ಹೆಸರು ಕೊಟ್ಟಿವೆ ಎಂದಿಟ್ಟುಕೊಳ್ಳಿ. ನಾಕ್‌ಔಟ್ ಕ್ರಮದಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುತ್ತದೆ. ಹದಿಮೂರರಲ್ಲಿ ಒಬ್ಬರೇ ಉಳಿಯಬೇಕಾದರೆ ಹನ್ನೆರಡು ಪಂದ್ಯಗಳು ಸಾಕು. ಎರಡು, ನಾಲ್ಕು, ಎಂಟು, ಹದಿನಾರು ಎಂದು ದ್ವಿಗುಣಿಸುತ್ತ ಹೋದರೆ ಹದಿಮೂರಕ್ಕೆ ಮೇಲಿನ ಸಂಖ್ಯೆ ಹದಿನಾರು. ಕೊರತೆ ಮೂರು; ಆದ್ದರಿಂದ ಮೂರು ತಂಡಗಳಿಗೆ ಬೈ, ಎಂದರೆ ಆಡದೆಯೇ ಎರಡನೆಯ ಸುತ್ತಿಗೆ ಪ್ರವೇಶ. ಹಾಳೆಯ ಮೇಲರ್ಧದಲ್ಲಿ ಏಳು ತಂಡಗಳು, ಒಂದು ಬೈ. ಕೆಳಗಿನ ಅರ್ಧದಲ್ಲಿ ಆರು ತಂಡಗಳು, ಎರಡು ಬೈ. ಉಳಿದ ಹತ್ತು ತಂಡಗಳು ಮೊದಲ ಸುತ್ತಿನ ಐದು ಪಂದ್ಯಗಳನ್ನು ಆಡುತ್ತವೆ. ದೈಹಿಕ ಶಿಕ್ಷಣದ ವಿದ್ಯಾರ್ಥಿಗಳೆಲ್ಲರೂ ಬಾಯಿಪಾಠ ಮಾಡುವ ಲೆಕ್ಕವಿದು. ಆದರೆ ಇದರ ಇನ್ನೊಂದು ಮುಖವನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಮೊದಲ ಸುತ್ತಿನಲ್ಲಿ ಸೋತ ಐದು ತಂಡಗಳು ಆ ವರ್ಷ ಆಡಿದ್ದು ಒಂದೇ ಪಂದ್ಯ. ಬೈ ಪಡೆದ ಮೂವರೂ ತಮ್ಮ ಮೊದಲ ಪಂದ್ಯದಲ್ಲಿಯೇ ಸೋತರೆ ಒಂದೇ ಪಂದ್ಯದ ತಂಡಗಳು ಎಂಟಾದವು. ಹದಿಮೂರರಲ್ಲಿ ಎಂಟು!

ಒಂದು ಪಂದ್ಯವೆಂದರೆ ಹತ್ತು ಹತ್ತು ನಿಮಿಷಗಳ ನಾಲ್ಕು ಅವಧಿ, ನಲವತ್ತು ನಿಮಿಷ. ಜೂನ್‌ನಲ್ಲಿ ಕಾಲೇಜು ತೆರೆಯುತ್ತದೆ, ಮಳೆ ನಿಲ್ಲುವವರೆಗೆ ಬಯಲಿನ ಅಂಕಣ ಪಾಚಿಗಟ್ಟಿರುತ್ತದೆ. ಮಳೆ ನಿಂತ ಮೇಲೆ ನಸುಕಿನಲ್ಲಿ ಎದ್ದು ಅಭ್ಯಾಸ ಮಾಡಿದ್ದೆಲ್ಲ ಈ ನಲವತ್ತು ನಿಮಿಷಗಳಿಗಾಗಿ. ಸೋಲು ಅಷ್ಟಕ್ಕೇ ಮುಗಿಯುವುದಿಲ್ಲ. ವಿಶ್ವವಿದ್ಯಾನಿಲಯದ ತಂಡವನ್ನು ಆರಿಸುವವರು ಆಟಗಾರನನ್ನು ನೋಡಲು ದೊರೆಯುವ ಕಾಲವೂ ಅಷ್ಟೇ. ಸೋತ ಕಾಲೇಜಿನಲ್ಲಿಯೂ ಒಬ್ಬ ಒಳ್ಳೆಯ ಆಟಗಾರನಿರಬಹುದು, ನಿಯಮ ಅವನಿಗೆ ಅಡ್ಡಿಯಿಲ್ಲ. ಆದರೆ ಅಂತಿಮ ಪಂದ್ಯದವರೆಗೆ ನಾಲ್ಕು ಬಾರಿ ಕಣ್ಣಿಗೆ ಬಿದ್ದವನ ಎದುರು ಒಂದೇ ಬಾರಿ ಕಂಡವನ ಹೆಸರು ಯಾರಿಗೆ ನೆನಪಿರುತ್ತದೆ?

ಈ ಆಟ ಹುಟ್ಟಿದ ಅಮೆರಿಕದಲ್ಲಿ ಸಣ್ಣ ಕಾಲೇಜುಗಳು ಏನು ಮಾಡುತ್ತವೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಬಹುದು. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆದು ಹದಿನೆಂಟು ವಿದ್ಯಾರ್ಥಿಗಳಿಗೆ ಈ ಆಟ ಕಲಿಸಿದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆಯು 1973ರಲ್ಲಿ ಕಾಲೇಜುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮೂರನೆಯ ದರ್ಜೆಯ ಕಾಲೇಜುಗಳು ಬಹುತೇಕ ಚಿಕ್ಕವು. ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆದರೂ ಒಂದು ಋತುವಿನಲ್ಲಿ ತಂಡವೊಂದು ಸುಮಾರು ಇಪ್ಪತ್ತೈದು ಪಂದ್ಯಗಳನ್ನು ಆಡುತ್ತದೆ. 1975ರಲ್ಲಿ ಆರಂಭವಾದ ಅವರ ರಾಷ್ಟ್ರೀಯ ಪಂದ್ಯಾವಳಿ ಈಗ ಅರವತ್ತನಾಲ್ಕು ತಂಡಗಳದು. ನಮ್ಮಲ್ಲಿಯಂತೆ ಆಯ್ದ ಹನ್ನೆರಡು ಮಂದಿಯಲ್ಲ, ಕಾಲೇಜಿನ ತಂಡವೇ ಅಲ್ಲಿಗೆ ಹೋಗುತ್ತದೆ.

ಆ ಸ್ಥಾನಗಳಿಗೆ ದಾರಿ ಎರಡು. ನೆರೆಹೊರೆಯ ಕೆಲವು ಕಾಲೇಜುಗಳು ಸೇರಿ ಕಾನ್ಫರೆನ್ಸ್ ಎಂಬ ಕೂಟ ಕಟ್ಟಿಕೊಂಡಿರುತ್ತವೆ. ಅದರ ಚಾಂಪಿಯನ್ ನೇರವಾಗಿ ಒಳಗೆ. ಹೆಚ್ಚಿನ ಸ್ಥಾನಗಳು ಹೀಗೆಯೇ ತುಂಬುತ್ತವೆ. ಉಳಿದವನ್ನು ವರ್ಷವಿಡೀ ಗಳಿಸಿದ ಸಾಧನೆಯ ಮೇಲೆ ಕೊಡುತ್ತಾರೆ: ಎಷ್ಟು ಗೆದ್ದಿರಿ ಎಂಬುದಷ್ಟೇ ಅಲ್ಲ, ಯಾರ ಮೇಲೆ ಗೆದ್ದಿರಿ, ಅವರ ಊರಿನಲ್ಲೋ ನಿಮ್ಮ ಊರಿನಲ್ಲೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೊದಲು ಸಮಿತಿಯವರು ಕುಳಿತು ತೂಗಿ ನೋಡುತ್ತಿದ್ದರು. 2024–25ರ ಋತುವಿನಿಂದ ಒಂದು ಗಣಿತ ಸೂತ್ರವೇ ತೀರ್ಮಾನಿಸುತ್ತಿದೆ. ಸೂತ್ರ ಬಂದರೂ ವಾದ ನಿಂತೀತೆಂದು ನನಗೆ ಅನಿಸುವುದಿಲ್ಲ. ಅರವತ್ತೈದನೆಯವನ ದುಃಖವನ್ನು ಯಾವ ಸೂತ್ರವೂ ಅಳಿಸಲಾರದು. ಆದರೆ ಆ ಅರವತ್ತೈದನೆಯವನೂ ಇಪ್ಪತ್ತೈದು ಪಂದ್ಯ ಆಡಿಯೇ ದುಃಖಿಸುತ್ತಾನೆ.

ಅಷ್ಟು ಪಂದ್ಯಗಳು ನಮಗೆ ಸಾಧ್ಯವಿಲ್ಲ. ಹಣವಿಲ್ಲ, ದಿನಗಳಿಲ್ಲ, ಪರೀಕ್ಷೆಗಳಿವೆ. ಹದಿಮೂರು ತಂಡಗಳೂ ಪರಸ್ಪರ ಆಡುವ ಪೂರ್ಣ ಲೀಗ್ ಮಾಡಿದರೆ 78 ಪಂದ್ಯಗಳಾಗುತ್ತವೆ, ಅದನ್ನು ಯಾರೂ ಒಪ್ಪಲಾರರು. ಆದರೆ ನಡುವಿನ ದಾರಿಯೊಂದಿದೆ. ಹದಿಮೂರನ್ನು ನಾಲ್ಕು ಗುಂಪುಗಳಾಗಿ ಮಾಡಿ, ಒಂದರಲ್ಲಿ ನಾಲ್ಕು, ಉಳಿದವುಗಳಲ್ಲಿ ಮೂರು ಮೂರು. ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡಿದರೆ ಆರು, ಮೂರು, ಮೂರು, ಮೂರು, ಒಟ್ಟು ಹದಿನೈದು ಪಂದ್ಯ. ಗುಂಪಿನ ವಿಜೇತರಿಗೆ ಎರಡು ಸೆಮಿಫೈನಲ್, ಒಂದು ಫೈನಲ್. ಹದಿನೆಂಟಕ್ಕೆ ಮುಗಿಯಿತು. ನಾಕ್‌ಔಟಿಗಿಂತ ಕೇವಲ ಆರು ಪಂದ್ಯ ಹೆಚ್ಚು. ಎರಡು ಅಂಕಣಗಳಿದ್ದರೆ ಒಂದೇ ದಿನದ ಕೆಲಸ. ಪ್ರತಿಫಲವಾಗಿ ಪ್ರತಿಯೊಂದು ಕಾಲೇಜಿಗೂ ಕನಿಷ್ಠ ಎರಡು ಪಂದ್ಯಗಳು ದೊರೆಯುತ್ತವೆ.

ಲೀಗಿನಲ್ಲಿ ಇನ್ನೊಂದು ಪಾಠವಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಂತರರಾಷ್ಟ್ರೀಯ ನಿಯಮದಂತೆ ಗೆದ್ದವರಿಗೆ ಪಟ್ಟಿಯಲ್ಲಿ ಎರಡು ಅಂಕ, ಆಡಿ ಸೋತವರಿಗೆ ಒಂದು, ಅಂಕಣಕ್ಕೆ ಬಾರದೆ ಸೋತವರಿಗೆ ಸೊನ್ನೆ. ಸೋಲಿಗೂ ಒಂದು ಅಂಕ ಕೊಡುವ ಈ ಔದಾರ್ಯ ನನಗೆ ಬಹಳ ಪ್ರಿಯವಾದದ್ದು. ಈಗ ಕ, ಖ, ಗ, ಘ ಎಂಬ ನಾಲ್ಕು ಕಾಲೇಜುಗಳ ಗುಂಪೊಂದನ್ನು ಊಹಿಸಿ. ಇದರಿಂದ ಇಬ್ಬರು ಮುಂದೆ ಹೋಗಬೇಕು. ಘ ಎಲ್ಲರಿಗೂ ಸೋತಿತು. ಖ ಕಾಲೇಜು ಗ ಕಾಲೇಜನ್ನು ಹತ್ತು ಅಂಕಗಳಿಂದ, ಕ ಕಾಲೇಜು ಖ ಕಾಲೇಜನ್ನು ಮೂರರಿಂದ, ಗ ಕಾಲೇಜು ಕ ಕಾಲೇಜನ್ನು ಐದರಿಂದ ಸೋಲಿಸಿತು. ಮೂವರಿಗೂ ಎರಡು ಗೆಲುವು, ಒಂದು ಸೋಲು, ಐದು ಅಂಕ. ಆಗ ಈ ಮೂವರ ನಡುವಿನ ಪಂದ್ಯಗಳ ಅಂತರವನ್ನು ಮಾತ್ರ ನೋಡಬೇಕು. ಖ ಏಳು ಅಂಕ ಲಾಭದಲ್ಲಿದೆ, ಕ ಎರಡು ಅಂಕ ನಷ್ಟದಲ್ಲಿದೆ, ಗ ಐದು ಅಂಕ ನಷ್ಟದಲ್ಲಿದೆ. ಖ ಮತ್ತು ಕ ಮುಂದೆ ಹೋದವು, ಗ ಉಳಿಯಿತು.

ಇನ್ನು ಹಿಂದಕ್ಕೆ ಹೋಗಿ ಖ ಮತ್ತು ಗ ನಡುವಿನ ಪಂದ್ಯವನ್ನು ನೋಡಿ. ಕೊನೆಯ ಎರಡು ನಿಮಿಷಗಳಲ್ಲಿ ಗ ಆರು ಅಂಕ ಹಿಂದಿತ್ತು. ಪಂದ್ಯ ಕೈಬಿಟ್ಟಿತೆಂದು ತರಬೇತುದಾರನು ಮುಖ್ಯ ಆಟಗಾರರನ್ನು ಬೆಂಚಿಗೆ ಕರೆದನು, ಇನ್ನೆರಡು ಬುಟ್ಟಿಗಳು ಬಿದ್ದವು ಎಂದಿಟ್ಟುಕೊಳ್ಳಿ. ಆ ನಾಲ್ಕು ಅಂಕ ಹೋಗದಿದ್ದರೆ ಗ ಕಾಲೇಜಿನ ನಷ್ಟ ಐದಲ್ಲ, ಒಂದೇ. ಆಗ ಎರಡಂಕದ ನಷ್ಟವಿರುವ ಕ ಹೊರಗೆ, ಗ ಒಳಗೆ. ಸೋತ ಪಂದ್ಯದ ಕೊನೆಯ ಎರಡು ನಿಮಿಷಗಳಲ್ಲಿಯೇ ಮುಂದಿನ ಸುತ್ತಿನ ಸ್ಥಾನ ಕಳೆದುಹೋಗಿತ್ತು. ಅದು ತಿಳಿದದ್ದು ಗುಂಪಿನ ಕೊನೆಯ ಪಂದ್ಯ ಮುಗಿದ ಮೇಲೆ. ಈ ಲೆಕ್ಕವನ್ನು ನಾನು ಪ್ರತಿವರ್ಷ ಹಲಗೆಯ ಮೇಲೆ ಬರೆಯುತ್ತಿದ್ದೆ. ಹುಡುಗರು ನಗುತ್ತಿದ್ದರು, ಒಮ್ಮೆ ಹಾಗೆಯೇ ಆಗುವವರೆಗೆ.

ಲೀಗ್ ಕ್ರಮಕ್ಕೆ ಆಕ್ಷೇಪವೂ ಇದೆ, ಅದನ್ನು ಮುಚ್ಚಿಡಬಾರದು. ಬಲಹೀನ ತಂಡವು ಒಂದರ ಬದಲು ಎರಡು ಬಾರಿ ಹೀನಾಯವಾಗಿ ಸೋಲುತ್ತದೆ, ಮೊದಲ ಸೋಲಿನ ನಂತರ ಕೆಲವರು ಎರಡನೆಯ ಪಂದ್ಯಕ್ಕೆ ಬರುವುದೇ ಇಲ್ಲ. ಹಾಗೆ ಬಾರದಿದ್ದರೆ ಎದುರಾಳಿಗೆ 20–0 ಗೆಲುವು ಸಿಕ್ಕಿ ಪಟ್ಟಿಯೇ ವಕ್ರವಾಗುತ್ತದೆ. ಮುಂದಿನ ಸುತ್ತಿಗೆ ಹೋಗುವ ಆಸೆ ಮುಗಿದವನು ಕೊನೆಯ ಪಂದ್ಯವನ್ನು ಉದಾಸೀನದಿಂದ ಆಡಿ ಮೂರನೆಯವನಿಗೆ ಅನ್ಯಾಯ ಮಾಡುವುದೂ ಉಂಟು. ನಾಕ್‌ಔಟಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಎಲ್ಲರಿಗೂ ಪ್ರಾಣಭಯ. ಇಷ್ಟಿದ್ದರೂ ಸಣ್ಣ ಕಾಲೇಜಿನ ಹುಡುಗನ ಪಕ್ಷ ವಹಿಸುವ ನಾನು ಲೀಗನ್ನೇ ಮೆಚ್ಚುತ್ತೇನೆ.

ಕಾರಣ ನಾನು ಕಣ್ಣಾರೆ ಕಂಡದ್ದು. ಒಮ್ಮೆ ಒಂದು ಕಾಲೇಜಿನಿಂದ ಏಳೇ ಮಂದಿ ಆಟಗಾರರು ಬಂದರು. ಅವರಲ್ಲೊಬ್ಬ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಮನೆಯಲ್ಲಿ ಹಾವೇರಿ ಕಡೆಯ ಕನ್ನಡ. ನಿಯಮದಂತೆ ಹನ್ನೆರಡು ಮಂದಿಗೆ ಅವಕಾಶವಿದ್ದರೂ ಅಷ್ಟು ಜನರಿಗೆ ಅಂಗಿಗಳೇ ಇರಲಿಲ್ಲ. ಐದು ಫೌಲ್ ಆದವನು ಹೊರಗೆ ಹೋಗಬೇಕು. ನಾಲ್ಕನೆಯ ಅವಧಿಯಲ್ಲಿ ಮೂವರು ಹೀಗೆ ಹೊರಬಿದ್ದು ನಾಲ್ವರೇ ಐವರ ಎದುರು ಆಡಿದರು. ಅಂಕಣದಲ್ಲಿ ಇಬ್ಬರಿಗಿಂತ ಕಡಿಮೆಯಾಗುವವರೆಗೆ ಪಂದ್ಯ ನಿಲ್ಲಿಸಬೇಕಾಗಿಲ್ಲ ಎಂಬ ನಿಯಮವನ್ನು ಅಂದು ನಾನೇ ಅವರಿಗೆ ಹೇಳಿದೆ. ನಮ್ಮ ಹುಡುಗ ಆ ಅವಧಿಯಲ್ಲಿ ಆಡಿದಂತೆ ಆಮೇಲೆ ಫೈನಲಿನಲ್ಲಿಯೂ ಯಾರೂ ಆಡಿದ್ದನ್ನು ನಾನು ಕಾಣಲಿಲ್ಲ. ಪಂದ್ಯ ಸೋತರು. ಬೆಳಗಿನ ಒಂಬತ್ತರ ಪಂದ್ಯವಾದ್ದರಿಂದ ಆಯ್ಕೆದಾರರು ಇನ್ನೂ ಬಂದಿರಲಿಲ್ಲ.

ಮರುವರ್ಷ ಅದೇ ಕಾಲೇಜಿನಿಂದ ಒಂಬತ್ತು ಮಂದಿ ಬಂದರು. ಚೀಟಿಯಲ್ಲಿ ಮತ್ತೆ ಮೊದಲ ದಿನದ ಮೊದಲ ಪಂದ್ಯವೇ ಬಂತು. ನಾಲ್ಕು ಅಂಕಗಳಿಂದ ಸೋತು, ಹನ್ನೊಂದು ಗಂಟೆಯ ಬಸ್ಸಿಗೆ ಊರಿಗೆ ಹೊರಟರು.