ಒಂದೇ ಕಾಲು ಬಾತರೆ ಎಣ್ಣೆ ತಿಕ್ಕುವ ಮುನ್ನ

ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವವರಿಗೆ ಕಾಲುನೋವು ಹೊಸದಲ್ಲ. ದಿನವಿಡೀ ಕೆಸರಲ್ಲಿ ಬಗ್ಗಿ ನಿಂತ ಎರಡೂ ಕಾಲು ಸಂಜೆಗೆ ಸೋತಿರುತ್ತವೆ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಹಗುರಾಗುತ್ತವೆ. ಆದರೆ ಒಂದೇ ಕಾಲು ಬಾತು, ಮೀನಖಂಡ ಬಿಗಿದು, ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ ಆ ಮಾತೇ ಬೇರೆ. ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಸ್ಪತ್ರೆಯಲ್ಲಿ ಇದನ್ನು ಡಿವಿಟಿ ಎನ್ನುತ್ತಾರೆ.

ಕಾಲಿನ ರಕ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯು ಅದನ್ನು ಹಿಂಡಿ ಕಳಿಸಬೇಕು. ನಡೆದರೆ ಹಿಂಡುತ್ತದೆ, ಮಲಗಿದರೆ ಇಲ್ಲ. ಹೀಗಾಗಿ ಆಪರೇಷನ್ ಆಗಿ ಹಾಸಿಗೆ ಹಿಡಿದವರಿಗೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಈ ಭಯ ಹೆಚ್ಚು. ಹೆರಿಗೆಯಾದ ಮೇಲಿನ 6 ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣವೇ ಏರಿರುತ್ತದೆ. ನಮ್ಮಲ್ಲಿ ಬಾಣಂತಿಯನ್ನು ಮಲಗಿಸಿ ಎಣ್ಣೆ ತಿಕ್ಕುವುದೂ ಆಗಲೇ! ತಿಕ್ಕಿದಾಗ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಬಾಣಂತನ ಮಾಡುವ ಅಜ್ಜಿಯರಿಗೆ ಕೈಮುಗಿದು ಹೇಳುತ್ತೇನೆ: ಒಂದು ಕಾಲು ಬಾತಿದೆಯೆಂದರೆ ಅದನ್ನು ತಿಕ್ಕಬೇಡಿ, ಶಾಖ ಕೊಡಬೇಡಿ. ಅಂದೇ ಡಾಕ್ಟರಿಗೆ ತೋರಿಸಿ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ದಿಢೀರನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹಾಗಾದರೆ ಆಯುರ್ವೇದ? ಡಿವಿಟಿಗೆ ನೇರವಾಗಿ ಹೊಂದುವ ಒಂದೇ ಹೆಸರು ಹಳೆಯ ಗ್ರಂಥಗಳಲ್ಲಿಲ್ಲ. ವೈದ್ಯರು ಸಿರಾಗ್ರಂಥಿ, ರಕ್ತಾವೃತ ವಾತ ಮುಂತಾದವುಗಳ ಮೂಲಕ ಇದನ್ನು ವಿಚಾರಿಸುತ್ತಾರೆ. ರಕ್ತದ ತೊಂದರೆಗಳಿಗೆ ಜಿಗಣೆ ಬಿಡುವ ರೂಢಿಯೂ ಉಂಟು. ಸುಶ್ರುತಸಂಹಿತೆಯೆಂಬ ಹಳೆಯ ಗ್ರಂಥದ ಸೂತ್ರಸ್ಥಾನದ 13ನೇ ಅಧ್ಯಾಯ ಮುಖ್ಯವಾಗಿ ಜಿಗಣೆ ಚಿಕಿತ್ಸೆಯದು. 12 ಬಗೆಯ ಜಿಗಣೆಗಳಲ್ಲಿ 6 ವಿಷದವು ಎಂದು ವಿಂಗಡಿಸಿ, ಜಿಗಣೆಗೆ ಸಾಸಿವೆ ಅರಿಶಿನ ಲೇಪಿಸಿ ತೊಳೆದು ಬಿಡುವುದರಿಂದ ಹಿಡಿದು ಎಲ್ಲವನ್ನೂ ಅದು ಹೇಳುತ್ತದೆ. ಬಾಯಿ ಕುದುರೆಯ ಗೊರಸಿನಂತೆ ಅಗಲಿಸಿ ಕತ್ತು ಎತ್ತಿದರೆ ಕಚ್ಚಿದೆ ಎಂದು ತಿಳಿಯಬೇಕಂತೆ. ಎಂಥ ಸೂಕ್ಷ್ಮ ನೋಟ! ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವೊಂದು ಜಿಗಣೆಯ ಬಾಯಲ್ಲಿದೆಯೆಂದು ಇಂಗ್ಲೆಂಡಿನ ಜಾನ್ ಹೇಕ್ರಾಫ್ಟ್ ತೋರಿಸಿದ್ದು 1884ರಲ್ಲಿ, ಅದೇ ಹಿರುಡಿನ್. ಆದರೂ ಚರ್ಮ ಕಚ್ಚುವ ಜಿಗಣೆ ಆಳದ ಹೆಪ್ಪನ್ನು ಕರಗಿಸುತ್ತದೆ ಎಂಬುದಕ್ಕೆ ಭದ್ರ ಪುರಾವೆಯಿಲ್ಲ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿರುವವರಿಗೆ ಅದು ಕಚ್ಚಿದ ಜಾಗದ ರಕ್ತ ನಿಲ್ಲುವುದೇ ಕಷ್ಟ.

ಹೆಪ್ಪು ಖಚಿತವಾದರೆ ರಕ್ತ ತೆಳುಮಾಡುವ ಮಾತ್ರೆ ಅಥವಾ ಇಂಜೆಕ್ಷನ್ನೇ ಮುಖ್ಯ ಚಿಕಿತ್ಸೆ. ಸಾಮಾನ್ಯವಾಗಿ ಕನಿಷ್ಠ 3 ತಿಂಗಳು. ಮಧ್ಯೆ ನಿಲ್ಲಿಸುವಂತಿಲ್ಲ. ಪಥ್ಯ, ಮಲಬದ್ಧತೆ, ನಡಿಗೆ, ಆಮೇಲೆ ಉಳಿಯುವ ಬಾವು ಇವುಗಳಲ್ಲಿ ಆಯುರ್ವೇದ ವೈದ್ಯರ ಸಲಹೆ ಕೇಳಬಹುದು. ಬಳ್ಳಾರಿಯಲ್ಲಿ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೇ ಇದೆ. ಹೋಗುವಾಗ ಮಾತ್ರೆ ಚೀಟಿ ಜೊತೆಗಿರಲಿ. ಬೆಳ್ಳುಳ್ಳಿ ಸಾರಿಗೆ ಹೆದರಬೇಕಿಲ್ಲ, ಆದರೆ ಬೆಳ್ಳುಳ್ಳಿ, ಗುಗ್ಗುಳ, ಅರಿಶಿನದ ಮಾತ್ರೆಗಳನ್ನು ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆಯ ಜೊತೆ ನೀವೇ ಶುರುಮಾಡಬೇಡಿ, ರಕ್ತಸ್ರಾವವಾದೀತು. ವಸಡಿನಲ್ಲಿ ರಕ್ತ ಜಿನುಗಿದರೆ, ಮೂತ್ರ ಕೆಂಪಾದರೆ, ಮಲ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಿ.