ಹೊಳೆ ಏರಿದರೂ ಬತ್ತಿದರೂ ಸಂಘ ನಿಲ್ಲಬೇಕು: ಅರ್ಧ ದಿನದ ಕಾರ್ಯಾಗಾರ



2019ನೇ ಇಸವಿಯನ್ನು ನೆನಪು ಮಾಡಿಕೊಳ್ಳಿರಿ. ಆ ಬೇಸಿಗೆಯಲ್ಲಿ ಕೃಷ್ಣಾ ಹೊಳೆ ಬತ್ತಿ, ಕೊಯ್ನಾದಿಂದ ನೀರು ಬಿಡಿರೆಂದು ನಮ್ಮ ಸರಕಾರ ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಆಗಸ್ಟ್‌ನಲ್ಲಿ ಅದೇ ಹೊಳೆ ಊರೊಳಗೆ ನುಗ್ಗಿತು. 2005ರಲ್ಲಿ, 2021ರಲ್ಲಿ ಕೂಡ ಮಹಾಪೂರ ನೋಡಿದ್ದೇವೆ. ಮುಂದೆ ಏನಾಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ಏನೇನು ಆಗಬಹುದು ಎಂದು ಕೂಡಿ ಯೋಚಿಸಲು ಬರುತ್ತದೆ. ಇದು ಗಿಣಿಶಾಸ್ತ್ರವಲ್ಲ, ತಯಾರಿ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಮುಗಿಯುವ ಹೊತ್ತಿನಲ್ಲಿ, 1991-92ರಲ್ಲಿ, ಬೇರೆ ಬೇರೆ ವಿಚಾರದ 22 ಜನ ಮಾಂಟ್ ಫ್ಲೂರ್ ಎಂಬಲ್ಲಿ ಕುಳಿತು ದೇಶದ ಮುಂದಿನ ಹತ್ತು ವರ್ಷಗಳ ಬಗ್ಗೆ ನಾಲ್ಕು ಕಥೆ ಕಟ್ಟಿದರು. ಒಂದು ಕಥೆಗೆ ಕಷ್ಟ ಕಂಡು ತಲೆ ಮರೆಸುವ ಉಷ್ಟ್ರಪಕ್ಷಿಯ ಹೆಸರು. ಇನ್ನೊಂದಕ್ಕೆ ಮೆಲ್ಲಗೆ, ಆದರೆ ಕೂಡಿ ಹಾರುವ ಫ್ಲೆಮಿಂಗೋ ಹಕ್ಕಿಗಳ ಹೆಸರು. ಅದೇ ರೀತಿ ನಾವೂ ಮಾಡಬಹುದು.

ಬೇಕಾಗುವ ಸಾಮಾನು: ಸೀಮೆಸುಣ್ಣ ಅಥವಾ ರಂಗೋಲಿ, ನಡಾವಳಿ ಪುಸ್ತಕ.

1. ಪ್ರಶ್ನೆ ಇಟ್ಟುಕೊಳ್ಳಿ. ಉದಾಹರಣೆಗೆ: "ಬರುವ ಐದು ವರ್ಷ ನಮ್ಮ ಮನಿ, ದುಡಿಮಿ, ಉಳಿತಾಯ ಹೆಂಗ ಉಳಿಸ್ಕೊಳ್ಳೂದು?"

2. ಖಾತ್ರಿ ಇರುವುದನ್ನೂ ಇಲ್ಲದ್ದನ್ನೂ ಬೇರೆ ಮಾಡಿ. ಸಾಲದ ಕಂತು ಬರುವುದು ಖಾತ್ರಿ. ಮಳೆ, ಕಬ್ಬಿನ ಬಿಲ್ಲು, ನಿಪ್ಪಾಣಿ ಕಡೆಯ ಬೀಡಿ ಕೆಲಸ ಖಾತ್ರಿಯಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಬೀಡಿ ಕೆಲಸ ನಿಂತದ್ದು ನೆನಪಿದೆಯಲ್ಲವೇ?

3. ಖಾತ್ರಿ ಇಲ್ಲದವುಗಳಲ್ಲಿ ನಮ್ಮನ್ನು ಹೆಚ್ಚು ಅಲುಗಾಡಿಸುವ ಎರಡನ್ನು ಆರಿಸಿ. ಹೊಳೆ ಮತ್ತು ಕೆಲಸ ಎಂದುಕೊಳ್ಳೋಣ. ನೆಲದ ಮೇಲೆ ದೊಡ್ಡ ಕೂಡು ಗೆರೆ ಎಳೆದರೆ ನಾಲ್ಕು ಮನೆ ಆಗುತ್ತವೆ: ಹೊಳೆ ಏರಿ ಕೆಲಸ ಇರುವುದು, ಹೊಳೆ ಏರಿ ಕೆಲಸ ಇಲ್ಲದ್ದು, ಹೊಳೆ ಬತ್ತಿ ಕೆಲಸ ಇರುವುದು, ಹೊಳೆ ಬತ್ತಿ ಕೆಲಸವೂ ಇಲ್ಲದ್ದು.

4. ನಾಲ್ಕು ಗುಂಪಾಗಿ ಒಂದೊಂದು ಮನೆಯಲ್ಲಿ ಕುಳಿತುಕೊಳ್ಳಿ. ಆ ವರ್ಷ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕಥೆ ಹೇಳಿ, ಅದಕ್ಕೊಂದು ಹೆಸರಿಡಿ. ಹೊಳೆದಂಡೆಯವರು, ಹೊಲ ಇಲ್ಲದವರು, ಒಬ್ಬರೇ ಸಂಸಾರ ನಡೆಸುವವರು ಮೊದಲು ಮಾತಾಡಲಿ. ಅವರಿಗೆ ಪೆಟ್ಟು ಮೊದಲು ಬೀಳುತ್ತದೆ.

5. ಈಗ ಒಂದು ನಿರ್ಣಯವನ್ನು ನಾಲ್ಕೂ ಮನೆಗಳಲ್ಲಿ ಪರೀಕ್ಷಿಸಿ. ಒಬ್ಬ ಸದಸ್ಯೆ ಎಮ್ಮೆಗೆ ಸಾಲ ಕೇಳಿದ್ದಾರೆ ಎನ್ನೋಣ. ಹೊಳೆ ಏರಿದರೆ, "ಎಮ್ಮಿ ಎಲ್ಲಿ ಕಟ್ಟೂದು?" ಬತ್ತಿದರೆ, "ಮೇವು ಎಲ್ಲಿಂದ ತರೂದು?" ಕೆಲಸ ನಿಂತರೆ, "ಕಂತು ಯಾರು ತುಂಬೂದು?" ಇದರರ್ಥ ಸಾಲ ಕೊಡಬಾರದು ಎಂದಲ್ಲ. ಜಾನುವಾರು ವಿಮೆ, ಎತ್ತರದ ಜಾಗ, ಒಂದಿಷ್ಟು ಕಣಿಕೆ, ಆಪತ್ತಿನಲ್ಲಿ ಕಂತು ಮುಂದೂಡುವ ನಿಯಮ ಇವನ್ನು ಮೊದಲೇ ಮಾತಾಡಿ ಕೊಡಬೇಕು. ಹೀಗೆ ಕೊಟ್ಟರೆ ಆ ಅಕ್ಕನೂ ಉಳಿಯುತ್ತಾಳೆ, ಸಂಘದ ಹಣವೂ ಉಳಿಯುತ್ತದೆ.

6. ನಾಲ್ಕೂ ಮನೆಗಳಲ್ಲಿ ಉಪಯೋಗಕ್ಕೆ ಬರುವ ಕೆಲಸವನ್ನು ಈ ತಿಂಗಳೇ ಶುರು ಮಾಡಿ. ಉಳಿತಾಯದಲ್ಲಿ ಒಂದು ಪಾಲು ಆಪತ್ತಿಗೆಂದು ಬ್ಯಾಂಕಿನಲ್ಲಿ ಇಡುವುದು, ಪಾಸ್‌ಬುಕ್, ರೇಷನ್ ಕಾರ್ಡ್, ಉತಾರಗಳ ಝೆರಾಕ್ಸ್ ಎತ್ತರದ ಊರಿನ ನೆಂಟರ ಮನೆಯಲ್ಲಿ ಇಡುವುದು ಇಂಥವು.

7. ಮುನ್ಸೂಚನೆಗಳನ್ನು ಬರೆದಿಡಿ. ಕೊಯ್ನಾ ತುಂಬುತ್ತಾ ಬಂತೇ? ರಾಜಾಪುರ ಬ್ಯಾರೇಜಿನಿಂದ ಬರುವ ನೀರು ಹೆಚ್ಚಿತೇ? ಕಲ್ಲೋಳ-ಯಡೂರ ಸೇತುವೆ ಮುಳುಗಿತೇ? ಸುದ್ದಿ ಬಂದ ಕೂಡಲೇ ಯಾರು ಯಾರಿಗೆ ಫೋನ್ ಮಾಡಬೇಕು, ಮುದುಕರನ್ನು ಯಾರು ಕರೆದೊಯ್ಯಬೇಕು ಎಂದು ಹೆಸರು ಹಚ್ಚಿ.

ನಾವು ಬರೆದಂತೆಯೇ ವರ್ಷ ನಡೆಯುವುದಿಲ್ಲ. ಹೊಳೆ ತನ್ನ ಪಾತ್ರದಲ್ಲೇ ಹರಿದು, ಕೆಲಸವೂ ಸಿಕ್ಕರೆ ಸಂತೋಷ. ಮಾಡಿದ ತಯಾರಿ ಎಲ್ಲೂ ಹೋಗುವುದಿಲ್ಲ. ಪ್ರತಿವರ್ಷ ರೋಹಿಣಿ ಮಳೆಗೆ ಮೊದಲು ಈ ಪುಟ ತೆಗೆದು ಮತ್ತೊಮ್ಮೆ ಓದಿರಿ.

ಸಭೆಯಲ್ಲಿ ಚರ್ಚಿಸಿರಿ:
- ಕಳೆದ ಮಹಾಪೂರದಲ್ಲಿ ನಮ್ಮ ಸಂಘ ಯಾವ ಕೆಲಸ ತಡ ಮಾಡಿತು?
- ಕೆಲಸ ಮೂರು ತಿಂಗಳು ನಿಂತರೆ ಯಾರ ಮನೆಯ ಒಲೆ ಮೊದಲು ಆರುತ್ತದೆ? ಅವರಿಗಾಗಿ ಇಂದೇ ಏನು ಮಾಡೋಣ?