ಬಿಲ್ ಬರೆದ ದಿನ ಬೇರೆ, ದುಡ್ಡು ಬಂದ ದಿನ ಬೇರೆ

ಹೊಸೂರಿನಿಂದ ಬಾಗಲೂರಿನ ಕಡೆ ಹೊರಟರೆ ಎರಡು ಬಗೆಯ ಸೂರು ಕಾಣುತ್ತವೆ: ಗುಲಾಬಿ ಬೆಳೆಯುವ ಪಾಲಿಹೌಸಿನ ಪ್ಲಾಸ್ಟಿಕ್, ಬಿಡಿಭಾಗ ಮಾಡುವ ಕಾರ್ಖಾನೆಗಳ ಶೀಟು. ಎರಡನ್ನೂ ಕಟ್ಟಿಸುವ ಕಾಂಟ್ರಾಕ್ಟು ನೋಡಿಕೊಳ್ಳುವುದು ನನ್ನ ಉದ್ಯೋಗ. ಇಲ್ಲಿ ಮೇಸ್ತ್ರಿ ತೆಲುಗಿನಲ್ಲಿ ಲೆಕ್ಕ ಒಪ್ಪಿಸುತ್ತಾನೆ, ಬಿಲ್ ಪಾಸು ಮಾಡುವವರು ತಮಿಳಿನಲ್ಲಿ ಚೌಕಾಸಿ ಮಾಡುತ್ತಾರೆ, ನಾವು ಮನೆಗೆ ಬಂದು ಕನ್ನಡದಲ್ಲಿ ಚಿಂತೆ ಮಾಡುತ್ತೇವೆ. ಹೊಸದಾಗಿ ಸೈಟಿಗೆ ಬರುವ ಎಂಜಿನಿಯರುಗಳು ದುಡ್ಡಿನ ವಿಚಾರ ಅಕೌಂಟೆಂಟರದು ಅಂದುಕೊಂಡಿರುತ್ತಾರೆ. ಅಕೌಂಟೆಂಟರು ಬರೆಯುವುದು ಆಗಿಹೋದದ್ದನ್ನು. ಬರುವ ಶನಿವಾರದ ಬಟವಾಡೆಗೆ ಕೈಯಲ್ಲಿ ದುಡ್ಡು ಇರುತ್ತದೋ ಇಲ್ಲವೋ ಅನ್ನುವುದು ಸೈಟಿನಲ್ಲಿ ನಿಂತವನಿಗೇ ಮೊದಲು ಗೊತ್ತಾಗಬೇಕು.

1. ಬಿಲ್ಲಿನ ಮೊತ್ತವನ್ನು ನಂಬಬೇಡಿ, ಕೈಗೆ ಬರುವುದನ್ನು ಎಣಿಸಿ.

10 ಲಕ್ಷದ ಆರ್‌ಎ ಬಿಲ್ (ಕೆಲಸ ನಡೆಯುತ್ತಿರುವಾಗಲೇ ಹಾಕುವ ಬಿಲ್) ಅನ್ನೋಣ. ಜಿಎಸ್‌ಟಿ ಶೇ. 18 ಸೇರಿ 11.80 ಲಕ್ಷ. ಕೆಲಸ ಕೊಟ್ಟವರು ಮೂಲ 10 ಲಕ್ಷದ ಮೇಲೆ ಶೇ. 5 ರಿಟೆನ್ಷನ್ ಅಂತ 50 ಸಾವಿರ ಹಿಡಿಯುತ್ತಾರೆ. ನಿಮ್ಮದು ಕಂಪನಿಯಾದರೆ ಶೇ. 2 ಟಿಡಿಎಸ್, ಅಂದರೆ 20 ಸಾವಿರ (ಒಬ್ಬರ ಹೆಸರಿನ ವ್ಯವಹಾರಕ್ಕೆ ಶೇ. 1). ಮೊದಲೇ ತಗೊಂಡ ಮುಂಗಡದ ವಸೂಲಿ ಶೇ. 10, ಅದು ಒಂದು ಲಕ್ಷ. ಬ್ಯಾಂಕಿಗೆ ಬೀಳುವುದು 10.10 ಲಕ್ಷ. ಅದರಲ್ಲೂ 1.80 ಲಕ್ಷ ತೆರಿಗೆಯ ಪಾಲು. ಉಳಿದದ್ದು 8.30 ಲಕ್ಷ. ಸಿಮೆಂಟ್ ಅಂಗಡಿಯ ಉದ್ದರಿ, ಸೆಂಟ್ರಿಂಗ್ ಬಾಡಿಗೆ, ಕೂಲಿ, ಪಿಎಫ್, ಇಎಸ್‌ಐ ಎಲ್ಲಕ್ಕೂ ಇದೇ ಹಣ. ಖರೀದಿಯ ಇನ್‌ಪುಟ್ ಕ್ರೆಡಿಟ್ ಇದ್ದರೆ ತೆರಿಗೆಯ ಭಾರ ಇಳಿಯುತ್ತದೆ ನಿಜ. ಆದರೆ ಆ ತೆರಿಗೆಯನ್ನು ಅಂಗಡಿಯವರಿಗೆ ಕೊಡಬೇಕಾದವರೂ ನೀವೇ. ಮುಂಗಡ ಪಡೆದ ದಿನ ಎಲ್ಲರಿಗೂ ಖುಷಿ. ಅದು ಪ್ರತಿ ಬಿಲ್ಲಿನಲ್ಲೂ ವಾಪಸ್ ಹೋಗುತ್ತದೆ ಅನ್ನುವುದು ಮೂರನೇ ಬಿಲ್ಲಿನ ಹೊತ್ತಿಗೆ ಮರೆತಿರುತ್ತದೆ.

2. ತೆರಿಗೆಯ ತಾರೀಖು ಯಾರಿಗೂ ಕಾಯುವುದಿಲ್ಲ.

ತಿಂಗಳು ತಿಂಗಳು ರಿಟರ್ನ್ ಹಾಕುವವರು ಈ ತಿಂಗಳ ಇನ್‌ವಾಯ್ಸಿನ ಜಿಎಸ್‌ಟಿಯನ್ನು ಮುಂದಿನ ತಿಂಗಳು 20ರೊಳಗೆ ಕಟ್ಟಬೇಕು. ಕಾರ್ಖಾನೆಯವರು ದುಡ್ಡು ಕೊಡುವುದು 60 ದಿನಕ್ಕೆ. ನಡುವಿನ ಹಣ ನಿಮ್ಮ ಕೈಯಿಂದ; ತಡವಾದರೆ ವರ್ಷಕ್ಕೆ ಶೇ. 18 ಬಡ್ಡಿ. ಆದ್ದರಿಂದ ಮೊದಲು ಅಳತೆ ಪಟ್ಟಿ ಕೊಡಿ, ಅದು ಪಾಸಾದ ಮೇಲೆ ಟ್ಯಾಕ್ಸ್ ಇನ್‌ವಾಯ್ಸ್ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಹಾಗೆಯೇ, ಪ್ರತಿ ತಿಂಗಳು 14 ಕಳೆದ ಮೇಲೆ ಪೋರ್ಟಲಿನಲ್ಲಿ ನಿಮ್ಮ ಅಂಗಡಿಯವರ ಬಿಲ್ಲುಗಳು ಬಂದಿವೆಯೇ ನೋಡಿ. ಅವರು ಏರಿಸದಿದ್ದರೆ ನಿಮಗೆ ಕ್ರೆಡಿಟ್ ಇಲ್ಲ. ಅಗ್ಗಕ್ಕೆ ಕಂಬಿ ಕೊಟ್ಟು ರಿಟರ್ನ್ ಹಾಕದ ಅಂಗಡಿ ಅಗ್ಗವಲ್ಲ.

3. ಗಡಿಯ ಲೆಕ್ಕ ಟೆಂಡರ್ ಹಾಕುವ ಮೊದಲೇ ಆಗಲಿ.

ಬಾಗಲೂರು ದಾಟಿದರೆ ಕರ್ನಾಟಕ ದೂರವಿಲ್ಲ. ನಮ್ಮ ಮಾತಿಗೆ, ಮದುವೆ ಸಂಬಂಧಕ್ಕೆ ಅಡ್ಡಬರದ ಗಡಿ ಬಿಲ್ಲಿಗೆ ಮಾತ್ರ ಅಡ್ಡ ಬರುತ್ತದೆ. ಕಟ್ಟಡದ ಕೆಲಸಕ್ಕೆ ನೆಲ ಯಾವ ರಾಜ್ಯದ್ದೋ ಅದೇ ಜಿಎಸ್‌ಟಿಯ ರಾಜ್ಯ. ಕರ್ನಾಟಕದ ಸರ್ಜಾಪುರದ ನೋಂದಣಿಯಿಂದ ಬಾಗಲೂರಿನ ಶೆಡ್ಡಿಗೆ ಬಿಲ್ ಮಾಡಿದರೆ ಐಜಿಎಸ್‌ಟಿ 18. ಹೊಸೂರಿನ ನೋಂದಣಿಯಿಂದಾದರೆ ಸಿಜಿಎಸ್‌ಟಿ 9 ಮತ್ತು ಎಸ್‌ಜಿಎಸ್‌ಟಿ 9. ಬೆಂಗಳೂರಿನಿಂದ ಕಂಬಿ ತರಿಸಿದರೆ ತಮಿಳುನಾಡಿನ ನೋಂದಣಿಗೆ ಕ್ರೆಡಿಟ್ ಸಿಗುತ್ತದೆ. ಅಲ್ಲೇ ಲಾಡ್ಜಿನಲ್ಲಿ ಉಳಿದರೆ ಆ ತೆರಿಗೆ ಕರ್ನಾಟಕದ್ದು, ಸಿಗುವುದಿಲ್ಲ. 75 ಸಾವಿರದ ಮಾಲು ಹೊಸೂರಿನಿಂದ ಬಂದರೆ ಇ-ವೇ ಬಿಲ್ ಬೇಡ, ಏಕೆಂದರೆ ತಮಿಳುನಾಡಿನೊಳಗಿನ ಮಿತಿ ಒಂದು ಲಕ್ಷ. ಅದೇ ಮಾಲು ಸರ್ಜಾಪುರದಿಂದ ಬಂದರೆ ಬೇಕು. ರಾಜ್ಯ ದಾಟುವ ಮಾಲಿಗೆ ಮಿತಿ 50 ಸಾವಿರ. ಗಾಡಿ ತಡೆದು ನಿಲ್ಲಿಸಿದರೆ ಆ ದಿನ ಕೂಲಿಯವರೂ ಖಾಲಿ ಕೂರುತ್ತಾರೆ, ಅವರ ದಿನಗೂಲಿ ನಿಲ್ಲುವುದಿಲ್ಲ.

4. ‘ತೆರಿಗೆ ಸೇರಿಯೋ, ಬೇರೆಯೋ?’

ಚೌಕಾಸಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಕಾರ್ಖಾನೆ ಮಾಲೀಕರಿಗೆ ಕಟ್ಟಡದ ಜಿಎಸ್‌ಟಿಗೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ, ಗುಲಾಬಿ ಬೆಳೆಗಾರರಿಗಂತೂ ನೋಂದಣಿಯೇ ಇರುವುದಿಲ್ಲ. ಅವರು ನೋಡುವುದು ಕೊನೆಯ ಸಾಲಿನ ಮೊತ್ತ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಮಾಲೀಕರೆಲ್ಲ ‘ಸಿಮೆಂಟ್ ಇಳೀತಲ್ಲ, ರೇಟೂ ಇಳಿಸಿ’ ಎಂದರು. ಕ್ರೆಡಿಟ್ ತಗೊಳ್ಳುವ ಕಾಂಟ್ರಾಕ್ಟರಿಗೆ ಸಿಮೆಂಟಿನ ಮೂಲಬೆಲೆಯೇ ಖರ್ಚು. ಇಳಿದದ್ದು ಮೊದಲು ಕೈಯಿಂದ ಹಾಕುವ ಹಣ, ಖರ್ಚಲ್ಲ. ಇದನ್ನು ಕಾಗದದ ಮೇಲೆ ಎರಡು ಸಾಲಿನಲ್ಲಿ ತೋರಿಸಲು ಬರದ ಮ್ಯಾನೇಜರು ಸುಮ್ಮನೆ ರೇಟು ಬಿಟ್ಟುಕೊಟ್ಟು ಬರುತ್ತಾನೆ.

5. ಸಬ್ಸಿಡಿ ರೈತರದು, ನಿಮ್ಮದಲ್ಲ.

ಪಾಲಿಹೌಸಿಗೆ ತೋಟಗಾರಿಕೆ ಸಬ್ಸಿಡಿ ಅರ್ಧದಷ್ಟು ಅನ್ನುತ್ತಾರೆ. ಆ ಅರ್ಧ ಸರ್ಕಾರ ಚದರ ಮೀಟರಿಗೆ ಗೊತ್ತುಮಾಡಿದ ದರದ ಮೇಲೆ, ನಿಮ್ಮ ಬಿಲ್ಲಿನ ಮೇಲಲ್ಲ. ಅದೂ ಕೆಲಸ ಮುಗಿದು, ಅಧಿಕಾರಿಗಳು ನೋಡಿ ಹೋದ ಮೇಲೆ. ‘ಸಬ್ಸಿಡಿ ಬಂದ ತಕ್ಷಣ ಕೊಡ್ತೀನಿ ಅಣ್ಣಾ’ ಎಂಬ ಮಾತು ಪ್ರಾಮಾಣಿಕವೇ ಇರಬಹುದು. ಆದರೆ ಪೈಪು ಕೊಟ್ಟ ಅಂಗಡಿಯವನು ಅದನ್ನು ಒಪ್ಪುವುದಿಲ್ಲ. ಕಂತುಗಳನ್ನು ಕೆಲಸದ ಹಂತಕ್ಕೆ ಕಟ್ಟಿ: ಪೈಪು ಇಳಿದಾಗ, ಚೌಕಟ್ಟು ನಿಂತಾಗ, ಪ್ಲಾಸ್ಟಿಕ್ ಹೊದಿಸುವ ಮೊದಲು. ಹಳೆ ಪಾಲಿಹೌಸ್ ಇರುವವರಾದರೆ ದೊಡ್ಡ ಕಂತನ್ನು ಫೆಬ್ರವರಿ 14ರ ಪ್ರೇಮಿಗಳ ದಿನದ ವ್ಯಾಪಾರ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ, ಆಗ ಅವರ ಕೈಯಲ್ಲೂ ದುಡ್ಡು ಇರುತ್ತದೆ.

6. ಜಲ್ಲಿಯ ಬೆಲೆ ಹೊಸೂರಿನಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ.

ಕೃಷ್ಣಗಿರಿ ಜಿಲ್ಲೆಯ ಕ್ರಷರುಗಳ ಜಲ್ಲಿ, ಎಂ-ಸ್ಯಾಂಡ್ ಬೆಂಗಳೂರಿಗೂ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರ ಖನಿಜ ಇರುವ ಭೂಮಿಗೆ ಹೊಸ ತೆರಿಗೆ ಹಾಕಿದಾಗ ಕ್ರಷರಿನವರು ಮುಷ್ಕರ ಹೂಡಿದರು. ಬೆಲೆ ಏರಿಕೆಯ ಷರತ್ತು ಇಲ್ಲದ ಕರಾರಿನಲ್ಲಿ ಇಂಥ ಹೊಡೆತ ಪೂರ್ತಿ ಕಾಂಟ್ರಾಕ್ಟರಿಗೇ. ಎಲ್ಲ ಮಾಲಿಗೂ ಷರತ್ತು ಕೇಳಿದರೆ ಯಾರೂ ಕೊಡುವುದಿಲ್ಲ. ಕಂಬಿ, ಸಿಮೆಂಟ್, ಜಲ್ಲಿ ಮೂರಕ್ಕೆ ಮೂಲದರ ಬರೆದು, ಶೇ. 5 ದಾಟಿದ ಏರಿಳಿತಕ್ಕೆ ಮಾತ್ರ ಕೇಳಿ. ಇಳಿದರೆ ಬಿಟ್ಟುಕೊಡುತ್ತೇವೆ ಎಂದೂ ಬರೆಯಿರಿ, ಆಗ ಮಾತು ಮುಂದುವರಿಯುತ್ತದೆ.

7. ಬಾಯಿಮಾತಿನ ಹೆಚ್ಚುವರಿ ಕೆಲಸಕ್ಕೆ ಅದೇ ಸಂಜೆ ಮೇಲ್ ಹಾಕಿ. ‘ಸರ್, ನೀವು ಇವತ್ತು ಹೇಳಿದ ಹಾಗೆ’ ಎಂದು ಶುರುಮಾಡಿದರೆ ಸಾಕು.

8. ರಿಟೆನ್ಷನ್ನಿಗೆ ಒಂದು ಬೇರೆ ಪುಸ್ತಕ ಇಡಿ.

ಲಾಭವೇ ಶೇ. 10 ಇರುವ ಕೆಲಸದಲ್ಲಿ ಶೇ. 5 ಹಿಡಿದರೆ ಅರ್ಧ ಲಾಭ ಅವರ ಬಳಿ. ಅದನ್ನು ಹಿಡಿದಿಡುವ ವರ್ಷದ ಅವಧಿ ತುಂಬುವಷ್ಟರಲ್ಲಿ ಅಲ್ಲಿನ ಪರ್ಚೇಸ್ ಮ್ಯಾನೇಜರು ಬದಲಾಗಿರುತ್ತಾರೆ, ಫೈಲು ಸಿಗುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಹೋಗಿ ಸೂರು ತೋರಿಸಿ, ಸೋರುತ್ತಿಲ್ಲ ಎಂದು ರುಜು ತಗೊಂಡು ಬನ್ನಿ; ಅವಧಿ ಮುಗಿಯುವವರೆಗೆ ಕಾಯಬೇಡಿ. ರಿಟೆನ್ಷನ್ ಬದಲು ಬ್ಯಾಂಕ್ ಗ್ಯಾರಂಟಿ ಕೊಡುತ್ತೇವೆ ಎಂದರೆ ಕೆಲವರು ಒಪ್ಪುತ್ತಾರೆ. ಆದರೆ ಬ್ಯಾಂಕು ಪೂರ್ತಿ ಮೊತ್ತಕ್ಕೆ ಎಫ್‌ಡಿ ಕೇಳಿದರೆ, ದುಡ್ಡು ಅಲ್ಲಿಂದ ಬಿಡಿಸಿ ಇಲ್ಲಿ ಸಿಕ್ಕಿಸಿದ ಹಾಗೆ, ಮೇಲೆ ಕಮಿಷನ್ ಬೇರೆ. ಅಂಥ ಗ್ಯಾರಂಟಿ ಬೇಡ.